ಊರಿಗೆಲ್ಲ ಗೊತ್ತು, ಯಜಮಾನರಿಗೆ ಗೊತ್ತಿಲ್ಲ!

ಕಣ್ಣು ಮಂಜಾದರೆ ಮನುಷ್ಯ ತಾನೇ ಬಾಯಿಬಿಟ್ಟು ಹೇಳುತ್ತಾನೆ. ಪೇಪರು ಓದಲಾಗೋದಿಲ್ಲ, ಬಸ್ಸಿನ ಬೋರ್ಡು ಕಾಣೋದಿಲ್ಲ, ಸೂಜಿಗೆ ದಾರ ಪೋಣಿಸಲಾಗೋದಿಲ್ಲ. ನಲವತ್ತು ದಾಟಿದ ಹೊಸದರಲ್ಲೇ ಕನ್ನಡಕದ ಅಂಗಡಿಗೆ ಹೋಗಿ ಮೂಗಿನ ಮೇಲೊಂದು ಜೊತೆ ಗಾಜು ಏರಿಸಿಕೊಂಡು ಬರುತ್ತಾನೆ. ಯಾರೂ ನಗೋದಿಲ್ಲ. ಕಿವಿಯ ವಿಷಯ ಹಾಗಲ್ಲ. ಕಿವಿ ಮಂದವಾದದ್ದು ಮೊದಲು ಹೆಂಡತಿಗೆ ಗೊತ್ತಾಗುತ್ತೆ. ಆಮೇಲೆ ಮಕ್ಕಳಿಗೆ, ಅಂಗಡಿ ಹುಡುಗನಿಗೆ, ಗಿರಾಕಿಗೆ, ಎದುರು ಮನೆಯವರಿಗೆ. ಕಟ್ಟಕಡೆಗೆ ಗೊತ್ತಾಗೋದು ಕಿವಿಯ ಯಜಮಾನನಿಗೆ. ಗೊತ್ತಾದ ಮೇಲೂ ಆತ ಇನ್ನೊಂದಷ್ಟು ವರ್ಷ ಒಪ್ಪಿಕೊಳ್ಳೋದಿಲ್ಲ!

ಬೇರೆ ಊರಿನಲ್ಲಾದರೆ ಪರೀಕ್ಷೆ ಎಲ್ಲಿ ಮಾಡಿಸೋದು ಸ್ವಾಮಿ, ಯಾರಿಗೆ ತೋರಿಸೋದು ಅಂತ ಸಬೂಬು ಹೇಳಬಹುದು. ಮೈಸೂರಿನಲ್ಲಿ ಆ ಸಬೂಬೂ ನಡೆಯೋದಿಲ್ಲ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು, ಕೇಂದ್ರ ಆರೋಗ್ಯ ಇಲಾಖೆಗೆ ಸೇರಿದ್ದು. ಕಿವಿ, ಮಾತು ಇವೆರಡರ ಮೇಲೇ ದೇಶದಲ್ಲಿ ಹೆಸರು ಮಾಡಿದ ಸಂಸ್ಥೆ. ಹೊರ ರಾಜ್ಯಗಳಿಂದ ಜನ ರೈಲು ಹತ್ತಿ ಇಲ್ಲಿಗೆ ಬರುತ್ತಾರೆ, ರೂಮು ಮಾಡಿಕೊಂಡು ಇದ್ದು ತೋರಿಸಿಕೊಂಡು ಹೋಗುತ್ತಾರೆ. ಸಂತೇಪೇಟೆಯ ವರ್ತಕನಿಗೆ ಅದು ಸಿಟಿ ಬಸ್ಸಿನ ದಾರಿ. ಆದರೂ ಎಷ್ಟೋ ಜನ ಮೈಸೂರಿನವರು ಆ ಗೇಟಿನ ಮುಂದೆ ಜೀವಮಾನವಿಡೀ ಓಡಾಡಿದ್ದಾರೆಯೇ ಹೊರತು ಒಳಗೆ ಹೋದವರಲ್ಲ. ಕೇಳಿದರೆ, ‘ಅದು ಮೂಗ ಮಕ್ಕಳ ಆಸ್ಪತ್ರೆ ಅಲ್ವಾ?’ ಅಂತಾರೆ.

ಅಲ್ಲ. ಅದು ದೊಡ್ಡವರಿಗೂ ಇರೋದು. ಅದರಲ್ಲೂ ಅಂಗಡಿ ಗಲ್ಲದ ಮೇಲೆ ಕೂರುವವರಿಗೂ ದಿನಾ ಬಸ್ಸಿನಲ್ಲಿ ತಿರುಗುವವರಿಗೂ ಇರೋದು.

ಕಾಲು ಕೇಜಿ, ನಾಲ್ಕು ಕೇಜಿ

ಒಂದು ದಿನಸಿ ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಯಜಮಾನರಿಗೆ ಐವತ್ತೈದೋ ಅರವತ್ತೋ. ಗಿರಾಕಿ ಬಂದು ‘ಹೆಸರುಬೇಳೆ ಕಾಲು ಕೇಜಿ’ ಅಂತಾಳೆ. ಯಜಮಾನರು ನಾಲ್ಕು ಕೇಜಿ ತೂಗಿ ಮುಂದಿಡುತ್ತಾರೆ. ಆಕೆ ನಗುತ್ತಾಳೆ, ಅಂಗಡಿ ಹುಡುಗ ನಗುತ್ತಾನೆ, ಯಜಮಾನರಿಗೆ ರೇಗುತ್ತೆ. ‘ಬಾಯಲ್ಲಿ ಕಡಲೆ ಇಟ್ಕೊಂಡು ಮಾತಾಡಿದ್ರೆ ಯಾರಿಗಮ್ಮ ಕೇಳ್ಸುತ್ತೆ?’

ಇದು ಬರೀ ತಮಾಷೆ ಅಂತ ಬಿಟ್ಟರೆ ಆಯಿತು, ಮುಂದಿನ ವರ್ಷ ಅದೇ ಗಲ್ಲದ ಮೇಲೆ ಮಗ ಕೂತಿರುತ್ತಾನೆ. ‘ಅಪ್ಪಾಜಿ, ನೀವು ಒಳಗೆ ಆರಾಮಾಗಿ ಕೂತ್ಕೊಳ್ಳಿ’ ಅಂತ ಮರ್ಯಾದೆಯಿಂದಲೇ ಹೇಳಿರುತ್ತಾನೆ. ಮೂವತ್ತು ವರ್ಷ ಕಟ್ಟಿದ ವ್ಯಾಪಾರ. ಮಂಡಿಯ ಧಾರಣೆ ಬಾಯಲ್ಲೇ ಇದ್ದವರು. ಯಾವ ಗಿರಾಕಿ ಸಾಲ ತೀರಿಸುತ್ತಾನೆ, ಯಾವನು ತೀರಿಸೋದಿಲ್ಲ ಅಂತ ಮುಖ ನೋಡಿ ಹೇಳುವವರು. ಬುದ್ಧಿ ಸರಿಯಾಗಿಯೇ ಇದೆ, ಕೈಕಾಲು ಗಟ್ಟಿಯಾಗಿಯೇ ಇದೆ. ಮೂಟೆಗಳ ಹಿಂದೆ ಒಂದು ಸ್ಟೂಲಿನ ಮೇಲೆ ಕೂತು ಹೋಗಿ ಬರುವವರನ್ನು ನೋಡುತ್ತಿರುತ್ತಾರೆ. ಕಿವಿ ಮಂದವಾದದ್ದಕ್ಕೆ ಬುದ್ಧಿ ಮಂದವಾಯಿತು ಅಂತ ಊರು ತೀರ್ಮಾನ ಮಾಡಿಬಿಡುತ್ತೆ. ಕಿವುಡುತನದಿಂದ ಆಗುವ ನಷ್ಟದಲ್ಲಿ ಇದೇ ದೊಡ್ಡದು, ಇದನ್ನು ಯಾವ ಆಸ್ಪತ್ರೆಯ ಚೀಟಿಯಲ್ಲೂ ಬರೆಯೋದಿಲ್ಲ.

ಹೀಗೆ ತಪ್ಪು ಕೇಳಿಸೋದು ಯಾಕೆ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಿವಿಯ ಒಳಗಡೆ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರಲ್ಲಿ ಸುಮಾರು 15 ಸಾವಿರ ಸೂಕ್ಷ್ಮವಾದ ಕೂದಲು-ಕಣಗಳು. ಸದ್ದನ್ನು ಹಿಡಿದು ನರಕ್ಕೆ ಮುಟ್ಟಿಸುವ ಕೆಲಸ ಅವುಗಳದ್ದು. ಸುರುಳಿಯ ಬಾಗಿಲ ಬಳಿ ಇರುವ ಕಣಗಳು ಕೀಚಲು ಸದ್ದನ್ನು ಹಿಡಿಯುತ್ತವೆ, ಒಳತುದಿಯಲ್ಲಿರುವವು ದಪ್ಪ ಸದ್ದನ್ನು ಹಿಡಿಯುತ್ತವೆ. ವಯಸ್ಸಿಗಾಗಲಿ ಗಲಾಟೆಗಾಗಲಿ ಮೊದಲು ಸಾಯೋದು ಬಾಗಿಲ ಬಳಿಯವು. ಸತ್ತ ಕಣ ಮತ್ತೆ ಹುಟ್ಟೋದಿಲ್ಲ.

ಅಂದರೆ ಮಂದ ಕಿವಿಗೆ ಎಲ್ಲ ಸದ್ದೂ ಒಂದೇ ಸಮ ಕಡಿಮೆಯಾಗೋದಿಲ್ಲ. ಆ, ಊ, ಓ ಅನ್ನುವ ಸ್ವರಗಳು ಜೋರಾಗಿಯೇ ಕೇಳುತ್ತವೆ. ಸ, ಶ, ತ, ಕ, ಚ ಇಂಥ ತೆಳ್ಳನೆಯ ಅಕ್ಷರಗಳು ಉದುರಿಹೋಗುತ್ತವೆ. ಅದಕ್ಕೇ ಮಂದವಾದವರು ಹೇಳುವ ಮಾತು ಯಾವಾಗಲೂ ಒಂದೇ: ‘ಸೌಂಡು ಕೇಳ್ಸುತ್ತೆ ಕಣ್ರೀ, ಮಾತು ಗೊತ್ತಾಗೋಲ್ಲ.’ ಯಾರಾದರೂ ಹೀಗೆ ಹೇಳಿದರೆ ಅದೇ ಮೊದಲನೇ ಗಂಟೆ ಅಂತ ತಿಳಿಯಬೇಕು.

ಇನ್ನೊಂದು ಗಮ್ಮತ್ತಿದೆ. ಅಕ್ಷರ ಉದುರಿದರೂ ಮನಸ್ಸು ಅದನ್ನು ಊಹೆಯಿಂದ ತುಂಬಿಕೊಳ್ಳುತ್ತೆ. ‘ಸಕ್ಕರೆ’ಯ ಸಕಾರ ಬಿದ್ದುಹೋದರೆ ‘ಅಕ್ಕರೆ’ ಆಗುತ್ತೆ. ಆದರೆ ದಿನಸಿ ಅಂಗಡಿಯಲ್ಲಿ ಅಕ್ಕರೆ ಕೇಜಿಗೆ ಎಷ್ಟು ಅಂತ ಯಾರೂ ಕೇಳೋದಿಲ್ಲವಲ್ಲ, ಹಾಗಾಗಿ ಯಜಮಾನರು ಸಕ್ಕರೆಯನ್ನೇ ಕೊಡುತ್ತಾರೆ, ಬಚಾವು. ಊಹೆಗೆ ಸಿಗದೇ ಇರೋದು ಎರಡೇ: ಅಂಕಿ ಮತ್ತು ಹೆಸರು. ಕಾಲೋ ನಾಲ್ಕೋ, ಇಪ್ಪತ್ತೋ ಎಪ್ಪತ್ತೋ ಅಂತ ಊಹಿಸಲು ಆಗೋದಿಲ್ಲ. ಬಸ್ಸಿನಲ್ಲೂ ಇದೇ ಗತಿ. ಸಾತಗಳ್ಳಿ, ಮೇಟಗಳ್ಳಿ, ಹೂಟಗಳ್ಳಿ, ಮೂರಕ್ಕೂ ಬಾಲ ಒಂದೇ. ಕಂಡಕ್ಟರು ಕೂಗಿದ್ದರಲ್ಲಿ ‘ಗಳ್ಳಿ’ ಕೇಳಿಸಿತು, ತಲೆ ಕೇಳಿಸಲಿಲ್ಲ. ಹತ್ತಿದವರು ಊರಿನ ಇನ್ನೊಂದು ಮೂಲೆಯಲ್ಲಿ ಇಳಿದು ಕಂಡಕ್ಟರನ್ನು ಬೈಯುತ್ತಾರೆ.

ಹೀಗಾಗಿ ಅಂಕಿ, ಹೆಸರು ಇವೆರಡರಲ್ಲೇ ಬದುಕುವ ವರ್ತಕರೂ ಪ್ರಯಾಣಿಕರೂ ಮಿಕ್ಕವರಿಗಿಂತ ಮೊದಲೇ ಎಚ್ಚರವಾಗಬಹುದು. ಚಿಲ್ಲರೆ ಲೆಕ್ಕ ತಪ್ಪುವುದು, ಫೋನಿನಲ್ಲಿ ಹೇಳಿದ ಆರ್ಡರು ತಪ್ಪುವುದು, ಸ್ಟಾಪಿನ ಹೆಸರು ತಪ್ಪುವುದು ತಿಂಗಳಲ್ಲಿ ಮೂರು ನಾಲ್ಕು ಸಲ ಆಯಿತು ಅಂದರೆ ಬೇರೆಯವರ ಬಾಯಿಯನ್ನು ದೂರೋದು ಬಿಟ್ಟು ಕಿವಿ ತೋರಿಸಬೇಕು.

ಮನೆಯೊಳಗಿನ ಸಾಕ್ಷಿಗಳು

ಮಿಕ್ಕ ಲಕ್ಷಣಗಳು ಮನೆಯಲ್ಲೇ ಸಿಗುತ್ತವೆ. ಟಿ.ವಿ. ಸೌಂಡು ವರ್ಷದಿಂದ ವರ್ಷಕ್ಕೆ ಏರುತ್ತಿರುತ್ತೆ. ಗಂಡಸರ ಮಾತು ತಿಳಿಯುತ್ತೆ, ಹೆಂಗಸರದ್ದೂ ಮಕ್ಕಳದ್ದೂ ತಿಳಿಯೋದಿಲ್ಲ, ಯಾಕೆಂದರೆ ಅವರದು ತೆಳು ದನಿ. (ಹೆಂಡತಿ ಮಾತು ಮಾತ್ರ ಕೇಳ್ಸೋದಿಲ್ಲ ಅಂತ ನಗಾಡುವವರು ಇದನ್ನು ಸ್ವಲ್ಪ ಗಮನಿಸಲಿ, ಅದು ನಿಜವಾದ ರೋಗವೇ ಇರಬಹುದು.) ಪಕ್ಕದ ಕೋಣೆಯಲ್ಲಿ ಮೊಬೈಲು ಬಡಿದುಕೊಂಡರೂ ಗೊತ್ತಾಗೋದಿಲ್ಲ. ಎದುರು ಕೂತವರ ಬಾಯನ್ನೇ ನೋಡುತ್ತಿರುತ್ತಾರೆ. ಒಬ್ಬರ ಜೊತೆ ಚೆನ್ನಾಗಿಯೇ ಮಾತಾಡುವವರು ಮದುವೆಮನೆಯಲ್ಲಿ ನಾಲ್ಕು ಜನರ ಮಧ್ಯೆ ಕೂತರೆ ಸುಮ್ಮನೆ ತಲೆಯಾಡಿಸುತ್ತಾರೆ, ಕೊನೆಗೆ ಮದುವೆಗೆ ಹೋಗೋದನ್ನೇ ಬಿಡುತ್ತಾರೆ. ಕಿವಿಯಲ್ಲಿ ಹಗಲೂ ರಾತ್ರಿ ‘ಗುಂಯ್’ ಅನ್ನುತ್ತೆ. ಫೋನು ಒಂದೇ ಕಿವಿಗೆ ಹಿಡಿಯುತ್ತಾರೆ, ಇನ್ನೊಂದಕ್ಕೆ ಕೊಟ್ಟರೆ ಏನೂ ಇಲ್ಲ. ಒಂದು ಕಿವಿ ಮಾತ್ರ ಮಂದವಾದವರಿಗೆ ಹಾರನ್ನು ಕೇಳಿಸುತ್ತೆ, ಆದರೆ ಯಾವ ಕಡೆಯಿಂದ ಬಂತು ಅನ್ನೋದು ಗೊತ್ತಾಗೋದಿಲ್ಲ. ಸಂಜೆ ಹೊತ್ತು ಸಯ್ಯಾಜಿರಾವ್ ರಸ್ತೆ ದಾಟುವವರಿಗೆ ಇದು ಪ್ರಾಣದ ಪ್ರಶ್ನೆ.

ಗಂಡಸರದ್ದಾದರೂ ಅಂಗಡಿಯಲ್ಲಿ, ಬಸ್ಸಿನಲ್ಲಿ ಬಯಲಾಗುತ್ತೆ. ಮನೆಯಲ್ಲಿರುವ ಹೆಂಗಸರ ಕಿವಿಯನ್ನು ಕೇಳುವವರೇ ಇಲ್ಲ. ಕುಕ್ಕರಿನ ವಿಶಲ್ಲು ಲೆಕ್ಕ ತಪ್ಪಿದರೆ ‘ಅಜ್ಜಿಗೆ ಜ್ಞಾನ ಇಲ್ಲ’ ಅನ್ನುತ್ತಾರೆ. ಅಜ್ಜಿ ಮಾತು ಕಡಿಮೆ ಮಾಡಿದರೆ ‘ವಯಸ್ಸಾಯ್ತು, ಸುಮ್ಮನಾದ್ರು’ ಅಂತಾರೆ. ಮಾತು ಕೇಳಿಸದೆ ಸುಮ್ಮನಾದರೋ, ಮನಸ್ಸೇ ಸುಮ್ಮನಾಯಿತೋ ಅಂತ ಯಾರೂ ವಿಚಾರಿಸೋದಿಲ್ಲ. ಇದು ಬರೀ ಮನಸ್ಸಿನ ನೋವಿನ ಮಾತೂ ಅಲ್ಲ. ಮರೆವಿನ ಕಾಯಿಲೆಗೆ ಯಾವ ಯಾವ ಕಾರಣ ಅಂತ ‘ಲ್ಯಾನ್ಸೆಟ್’ ಅನ್ನುವ ವೈದ್ಯ ಪತ್ರಿಕೆಯ ತಜ್ಞರ ಮಂಡಳಿ 2017, 2020, 2024ರಲ್ಲಿ ವರದಿ ಕೊಟ್ಟಿತು. ತಡೆಯಬಹುದಾದ ಕಾರಣಗಳ ಪಟ್ಟಿಯಲ್ಲಿ ನಡುವಯಸ್ಸಿನ ಕಿವಿಮಂದವೂ ಮೂರು ಸಲವೂ ಇದೆ. ಕರ್ನಾಟಕದಲ್ಲಿ 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ದೇವಸ್ಥಾನಕ್ಕೆ ಹೋದ ಬಸ್ಸಿನಲ್ಲೇ ಒಂದು ದಿನ ಗಂಗೋತ್ರಿಗೂ ಕರೆದುಕೊಂಡು ಹೋಗಬಾರದೇ?

ಎಣ್ಣೆ, ಪಿನ್ನು, ಬೀಗದ ಕೈ

ಕಿವಿ ಕೇಳಿಸಲಿಲ್ಲ ಅಂದ ತಕ್ಷಣ ಊರಲ್ಲಿ ಶುರುವಾಗುವ ವೈದ್ಯ ಇದೆಯಲ್ಲ, ಅದರ ಬಗ್ಗೆ ಎರಡು ಮಾತು ಹೇಳದಿದ್ದರೆ ಆಗೋದಿಲ್ಲ. ಬಿಸಿ ಎಣ್ಣೆ ಬಿಡುತ್ತಾರೆ. ಬೆಳ್ಳುಳ್ಳಿ ಕಾಯಿಸಿ ಬಿಡುತ್ತಾರೆ. ಪಿನ್ನು, ಬೆಂಕಿಕಡ್ಡಿ, ಸ್ಕೂಟರಿನ ಬೀಗದ ಕೈ, ಸಿಕ್ಕಿದ್ದನ್ನೆಲ್ಲ ಹಾಕಿ ಕೆದಕುತ್ತಾರೆ. ಗಲ್ಲದ ಮೇಲೆ ಕೂತು ವ್ಯಾಪಾರವಿಲ್ಲದ ಮಧ್ಯಾಹ್ನದಲ್ಲಿ ಕಿವಿ ಕೆದಕೋದು ಒಂದು ಸುಖ ಅಂತ ತಿಳಿದವರು ಬಹಳ. ಗುಗ್ಗೆ ಕೊಳೆಯಲ್ಲ, ಕಿವಿಯ ಕಾವಲು. ತನ್ನಷ್ಟಕ್ಕೆ ತಾನು ಹೊರಗೆ ಬರುತ್ತೆ. ಕೆದಕಿದರೆ ಒಳಗೆ ಹೋಗಿ ಬಿರಡೆಯಾಗಿ ಕೂರುತ್ತೆ, ತಮಟೆ ತೂತಾದರೂ ಆಗಬಹುದು. ಬರೀ ಗುಗ್ಗೆ ಕಟ್ಟಿದ್ದೇ ಆದರೆ ಡಾಕ್ಟರು ಐದು ನಿಮಿಷದಲ್ಲಿ ತೆಗೆದು ಕಳಿಸುತ್ತಾರೆ, ಕಿವಿ ಮೊದಲಿನ ಹಾಗೇ ಕೇಳುತ್ತೆ. ಪರೀಕ್ಷೆಗೆ ಹೆದರಿ ಎರಡು ವರ್ಷ ಕಿವುಡಾಗಿದ್ದವರು ಗುಗ್ಗೆಯಿಂದ ಕಿವುಡಾಗಿದ್ದರು ಅಂತ ಆಮೇಲೆ ತಿಳಿದರೆ ಅದಕ್ಕಿಂತ ಪೆದ್ದುತನ ಉಂಟೇ?

ಕಿವಿ ಸೋರೋದೂ ಅಷ್ಟೆ. ‘ಮಕ್ಕಳಿಗೆ ಸೋರುತ್ತೆ, ದೊಡ್ಡವರಾದ ಮೇಲೆ ನಿಲ್ಲುತ್ತೆ’ ಅಂತ ಬಿಟ್ಟು ಬಿಟ್ಟು ತಮಟೆಯೂ ಹೋಗಿ ಒಳಗಿನ ಸಣ್ಣ ಮೂಳೆಗಳೂ ಸವೆದುಹೋದವರು ಹಳ್ಳಿಗಳಲ್ಲಿ ಎಷ್ಟೋ ಮಂದಿ. ಇಂಥ ಕಿವುಡುತನ ಔಷಧಿಗೆ, ಆಪರೇಷನ್ನಿಗೆ ಬಗ್ಗುವಂಥದ್ದು. ಕೆ.ಆರ್. ಆಸ್ಪತ್ರೆಯಲ್ಲೇ ಕಿವಿ ಮೂಗು ಗಂಟಲಿನ ವಿಭಾಗ ಇದೆ.

ಇನ್ನು ಒಂದೇ ಒಂದು ಸಂದರ್ಭವಿದೆ, ಅಲ್ಲಿ ನಾಳೆ ನಾಡಿದ್ದು ಅನ್ನೋ ಹಾಗಿಲ್ಲ. ರಾತ್ರಿ ಸರಿಯಾಗಿ ಮಲಗಿದವರು ಬೆಳಿಗ್ಗೆ ಎದ್ದರೆ ಒಂದು ಕಿವಿ ಪೂರ್ತಿ ಬಂದ್ ಆಗಿರುತ್ತೆ. ಶೀತ ಇರಬೇಕು, ಗಾಳಿ ಹೊಕ್ಕಿರಬೇಕು ಅಂತ ಹತ್ತಿ ಇಟ್ಟುಕೊಂಡು ಅಂಗಡಿ ಬಾಗಿಲು ತೆಗೆಯುತ್ತಾರೆ. ಅದು ಶೀತವೇ ಇರಬಹುದು, ಒಳಗಿವಿಗೆ ಬಂದ ಪೆಟ್ಟೂ ಇರಬಹುದು. ಪೆಟ್ಟಾಗಿದ್ದರೆ ಸ್ಟೀರಾಯ್ಡ್ ಔಷಧಿಯನ್ನು ಮೊದಲ ಕೆಲವು ದಿನಗಳಲ್ಲೇ ಶುರುಮಾಡಬೇಕು, ಎರಡು ವಾರ ದಾಟಿದರೆ ಕಿವಿ ವಾಪಸು ಬರುವ ಆಸೆ ಬಹಳ ಕಡಿಮೆಯಾಗುತ್ತೆ. ಅವತ್ತಿನ ದಿನ ಅಂಗಡಿಗೆ ಬೀಗ ಹಾಕಿಯಾದರೂ ಡಾಕ್ಟರ ಹತ್ತಿರ ಹೋಗಬೇಕು.

ಮಕ್ಕಳ ವಿಷಯಕ್ಕೆ ಬಂದರೆ ಅಜ್ಜಿಯರ ಒಂದು ಮಾತೇ ಶತ್ರು: ‘ಅವರಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೆ.’ ಮಗು ಹುಟ್ಟಿದ ಒಂದು ತಿಂಗಳೊಳಗೆ ಮೊದಲ ತಪಾಸಣೆ, ಅದರಲ್ಲಿ ಅನುಮಾನ ಬಂದರೆ ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ, ಆರು ತಿಂಗಳೊಳಗೆ ಯಂತ್ರವೋ ಚಿಕಿತ್ಸೆಯೋ ಶುರು. ಪ್ರಪಂಚದಲ್ಲೆಲ್ಲ ಒಪ್ಪಿರುವ ಲೆಕ್ಕ ಇದು. ಮಗು ನಿದ್ದೆ ಮಾಡುತ್ತಿರುವಾಗಲೇ ಮಾಡುವ ಪರೀಕ್ಷೆ, ಅದಕ್ಕೆ ಗೊತ್ತೂ ಆಗೋದಿಲ್ಲ. ಮಾತು ಕಲಿಯುವ ವಯಸ್ಸು ಕಳೆದುಹೋದ ಮೇಲೆ ಕಿವಿ ಕೊಟ್ಟರೂ ಮಾತು ಬರೋದು ಕಷ್ಟ.

ಗಲಾಟೆಯ ಬೆಲೆ

ವಯಸ್ಸಾದರೆ ಕಿವಿ ಹೋಗುತ್ತೆ, ಸರಿ. ಮೂವತ್ತಕ್ಕೇ ಹೋಗೋದು ಯಾಕೆ? ಹಿಟ್ಟಿನ ಗಿರಣಿ, ಲೇತು, ತಗಡಿನ ಕೆಲಸ, ಗಣಪತಿ ಮೆರವಣಿಗೆಯ ಡಿ.ಜೆ., ಇವೆಲ್ಲ ಕಿವಿಯ ವೈರಿಗಳೇ. ಒಂದು ಸುಲಭದ ಅಳತೆ ಇದೆ. ಕೈ ಚಾಚಿದಷ್ಟು ದೂರದಲ್ಲಿ ನಿಂತವನ ಜೊತೆ ಕೂಗಿ ಮಾತಾಡಬೇಕಾಗಿ ಬಂದರೆ ಅಲ್ಲಿ ಸದ್ದು 85 ಡೆಸಿಬಲ್ಲಿನ ಆಸುಪಾಸು ಇದೆ ಅಂತ ಅರ್ಥ. ದಿನಕ್ಕೆ ಎಂಟು ಗಂಟೆಯ ಹಾಗೆ ವರ್ಷಗಟ್ಟಲೆ ಅದರಲ್ಲಿ ನಿಂತರೆ ಕಿವಿ ಸವೆಯುತ್ತೆ. ಮಾಮೂಲು ಮಾತುಕತೆ 60ರ ಹತ್ತಿರ. ಅಂಗಡಿ ಬೀದಿಯಲ್ಲಿ ಹಗಲು ಹೊತ್ತು 65 ಮೀರಬಾರದು ಅಂತ 2000ದಲ್ಲೇ ಶಬ್ದಮಾಲಿನ್ಯದ ನಿಯಮ ಬಂದಿದೆ. ನಾನಾ ರಾಗದ ಹಾರನ್ನು ಹಾಕಬಾರದು ಅಂತ ಮೋಟಾರು ವಾಹನ ನಿಯಮವೂ ಇದೆ. ಎರಡು ನಿಯಮಗಳೂ ಪುಸ್ತಕದಲ್ಲಿ ಕ್ಷೇಮವಾಗಿವೆ. ರಸ್ತೆಯಲ್ಲಿ ಏನಾಗುತ್ತಿದೆ ಅನ್ನೋದನ್ನು ತಿಳಿಯಲು ಗ್ರಾಮಾಂತರ ಬಸ್ ನಿಲ್ದಾಣದ ಮುಂದೆ ಹತ್ತು ನಿಮಿಷ ನಿಂತರೆ ಸಾಕು.

ಬಸ್ಸಿನ ಹುಡುಗರದ್ದು ಬೇರೆ ಕಥೆ. ಎಂಜಿನ್ನಿನ ಸದ್ದನ್ನು ಮುಚ್ಚಲು ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿನ ಸೌಂಡು ಏರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ಲಿನಲ್ಲಾದರೆ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ವಾರಕ್ಕೆ ಬರೀ 4 ಗಂಟೆ. ಹುಣಸೂರಿನಿಂದ ದಿನಾ ಕಾಲೇಜಿಗೆ ಬಂದು ಹೋಗುವ ಹುಡುಗ ಆ 4 ಗಂಟೆಯನ್ನು ಮಂಗಳವಾರ ಸಂಜೆಗೇ ಮುಗಿಸಿರುತ್ತಾನೆ. ಡಿ.ಜೆ. ಮುಂದೆ ಕುಣಿದು ಬಂದ ರಾತ್ರಿ ಕಿವಿ ಗುಂಯ್ ಅನ್ನೋದು ಆ ಕೂದಲು-ಕಣಗಳ ಗೋಳು. ಬೆಳಿಗ್ಗೆ ನಿಂತುಹೋಯಿತಲ್ಲ ಅಂತ ಸಮಾಧಾನ ಪಟ್ಟರೆ, ಮುಂದೊಂದು ದಿನ ನಿಲ್ಲದೇ ಇರುತ್ತೆ.

ಹಾಗಾದರೆ ಪರೀಕ್ಷೆ ಯಾವಾಗ? ಮೇಲೆ ಹೇಳಿದ ಲಕ್ಷಣಗಳಲ್ಲಿ ಎರಡು ಕಂಡರೆ ವಯಸ್ಸು ನೋಡದೆ ಈಗಲೇ. ಲಕ್ಷಣ ಇಲ್ಲದಿದ್ದರೂ ಐವತ್ತು ದಾಟಿದವರು ಐದು ವರ್ಷಕ್ಕೊಮ್ಮೆ, ಅರವತ್ತೈದು ದಾಟಿದವರು ಒಂದರಿಂದ ಮೂರು ವರ್ಷಕ್ಕೊಮ್ಮೆ ತೋರಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಗಲಾಟೆಯ ಕೆಲಸದವರು, ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್‌ನಂಥ ಇಂಜೆಕ್ಷನ್ ಬಹಳ ದಿನ ತೆಗೆದುಕೊಂಡವರು, ಸಕ್ಕರೆ ಕಾಯಿಲೆಯವರು ಇನ್ನೂ ಮುಂಚೆ.

ಪರೀಕ್ಷೆಯಲ್ಲಿ ಸೂಜಿಯಿಲ್ಲ, ರಕ್ತ ತೆಗೆಯೋದಿಲ್ಲ, ನೋವಿಲ್ಲ. ಹೊರಗಿನ ಸದ್ದು ಬಾರದ ಒಂದು ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನು ಹಾಕುತ್ತಾರೆ. ದಪ್ಪ ಸದ್ದಿನಿಂದ ಕೀಚಲು ಸದ್ದಿನವರೆಗೆ ಒಂದೊಂದಾಗಿ ಬಿಡುತ್ತಾರೆ, ಕೇಳಿಸಿದಾಗ ಬೆರಳೆತ್ತಬೇಕು ಅಥವಾ ಗುಂಡಿ ಒತ್ತಬೇಕು. ಕಿವಿಯ ಹಿಂದಿನ ಮೂಳೆಗೂ ಒಂದು ಯಂತ್ರ ಇಟ್ಟು ನೋಡುತ್ತಾರೆ, ದೋಷ ಹೊರಕಿವಿಯದೋ ಒಳಗಿವಿಯದೋ ಅಂತ ಅದರಿಂದ ತಿಳಿಯುತ್ತೆ. ಕೊನೆಗೆ ಒಂದು ಗ್ರಾಫು ಕೈಗೆ ಕೊಡುತ್ತಾರೆ. 20 ಡೆಸಿಬಲ್ಲಿನ ಒಳಗಿನ ಸದ್ದು ಕೇಳಿದರೆ ಕಿವಿ ಸರಿಯಾಗಿದೆ. 35 ದಾಟಿದರೆ ಮಾತುಕತೆಗೆ ತೊಂದರೆ ಶುರುವಾಗಿದೆ ಅಂತ. ಆ ಗ್ರಾಫನ್ನು ಅಂಗಡಿಯ ಲೈಸೆನ್ಸಿನ ಹಾಗೆ ಜೋಪಾನ ಮಾಡಬೇಕು, ಮುಂದಿನ ಸಲ ಎಷ್ಟು ಇಳಿದಿದೆ ಅಂತ ಹೋಲಿಸಲು ಬೇಕಾಗುತ್ತೆ.

ಒಂದು ಎಚ್ಚರಿಕೆ. ‘ಉಚಿತ ಕಿವಿ ಪರೀಕ್ಷೆ’ ಅಂತ ಬೋರ್ಡು ಹಾಕಿದ ಕಡೆಗಳೆಲ್ಲ ಪರೀಕ್ಷೆಗೆ ಇರೋದಲ್ಲ, ಕೆಲವು ಮೆಷಿನ್ನು ಮಾರೋಕೆ ಇರೋದು. ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದ ಆಡಿಯಾಲಜಿಸ್ಟರೇ ಅಂತ ಕೇಳಿ ತಿಳಿಯಬೇಕು. ವಸ್ತುಪ್ರದರ್ಶನದಲ್ಲಿ, ಅಂಚೆಯಲ್ಲಿ ಸಿಗುವ ಅಗ್ಗದ ಯಂತ್ರ ಎಲ್ಲ ಸದ್ದನ್ನೂ ಒಟ್ಟಿಗೆ ಎತ್ತುತ್ತೆ: ಮಾತಿನ ಜೊತೆ ಫ್ಯಾನು, ಆಟೋ, ಪಾತ್ರೆ ಎಲ್ಲ. ನಾಲ್ಕು ದಿನ ಹಾಕಿ ತಲೆನೋವು ಬಂತು ಅಂತ ಡ್ರಾಯರಿಗೆ ಎಸೆಯುತ್ತಾರೆ. ಆಮೇಲೆ ‘ಮೆಷಿನ್ನು ಪ್ರಯೋಜನವಿಲ್ಲ’ ಅಂತ ಊರಿಗೆಲ್ಲ ಪ್ರಚಾರ. ಸರಿಯಾದ ಯಂತ್ರವನ್ನು ಗ್ರಾಫಿಗೆ ತಕ್ಕಂತೆ ಹೊಂದಿಸುತ್ತಾರೆ, ಮನಸ್ಸು ಅದಕ್ಕೆ ಒಗ್ಗಲು ಕೆಲವು ವಾರ ಬೇಕು. ಬಡವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ, ಬಿ.ಪಿ.ಎಲ್. ಮನೆಯ ಅರವತ್ತು ದಾಟಿದವರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣಯಂತ್ರ ಸಿಗುತ್ತೆ.

ನಾಚಿಕೆ ಒಂದೇ ಉಳಿದದ್ದು. ಕಿವುಡ ಅನ್ನೋದು ಬೈಗುಳ, ಸಿನಿಮಾದಲ್ಲಿ ಕಿವುಡ ಬಂದರೆ ನಗು, ನಾಟಕದಲ್ಲೂ ನಗು. ಈ ನಗುವಿಗೆ ಹೆದರಿ ಕಿವಿಯ ಮೆಷಿನ್ನು ಬೇಡ ಅನ್ನುವವರು, ಮೆಷಿನ್ನು ಇಲ್ಲದೆಯೇ ದಿನಕ್ಕೆ ಹತ್ತು ಸಲ ನಗೆಪಾಟಲಾಗುತ್ತಾರೆ ಅನ್ನೋದನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ.

ವರ್ತಕರ ಸಂಘಗಳು ರಕ್ತದಾನ ಶಿಬಿರ ಮಾಡುತ್ತವೆ, ಕಣ್ಣಿನ ಶಿಬಿರ ಮಾಡುತ್ತವೆ, ಫೋಟೋ ಪೇಪರಿಗೆ ಕಳಿಸುತ್ತವೆ. ಈ ವರ್ಷ ಒಂದು ಕಿವಿಯ ಶಿಬಿರ ಆಗಲಿ. ಮಾರ್ಚ್ 3 ವಿಶ್ವ ಶ್ರವಣ ದಿನ, ಅವತ್ತೇ ಇಟ್ಟುಕೊಳ್ಳಬಹುದು. ಸಾರಿಗೆ ಸಂಸ್ಥೆಯವರೂ ಯೋಚನೆ ಮಾಡಲಿ. ದಿನವಿಡೀ ಎಂಜಿನ್ನಿನ ಪಕ್ಕ ಕೂರುವ ಡ್ರೈವರು, ಗದ್ದಲದಲ್ಲಿ ಕೂಗುವ ಕಂಡಕ್ಟರು, ಇಬ್ಬರ ಕಿವಿಯ ಗ್ರಾಫೂ ಡಿಪೋದಲ್ಲಿ ಇರಬೇಕು. ಹಾರನ್ನು ಕೇಳಿಸದ ಡ್ರೈವರಿನಿಂದ ಅಪಾಯ ಅವನೊಬ್ಬನಿಗಲ್ಲ, ಬಸ್ಸಿನಲ್ಲಿರುವ ಐವತ್ತು ಜನಕ್ಕೆ.

ಪರೀಕ್ಷೆಗೆ ಹೋಗುವವರು ಬೆಳಿಗ್ಗೆಯೇ ಹೋಗಿ, ಚೀಟಿ ಮಾಡಿಸಲು ಹೊತ್ತಾಗುತ್ತೆ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಜೇಬಿನಲ್ಲಿರಲಿ. ಮುಖ್ಯವಾಗಿ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರು ಎಷ್ಟು ದಿನದಿಂದ ತೊಂದರೆ ಅಂತ ಕೇಳಿದರೆ ಯಜಮಾನರು ‘ಈಗ ಒಂದೆರಡು ತಿಂಗಳಿಂದ ಸ್ವಲ್ಪ’ ಅಂತಾರೆ. ಟಿ.ವಿ. ಸೌಂಡು ಯಾವ ವರ್ಷದಿಂದ ಏರುತ್ತಾ ಬಂತು ಅನ್ನೋದನ್ನು ಅವರ ಹೆಂಡತಿ ಸರಿಯಾಗಿ ಹೇಳುತ್ತಾರೆ.